ಗೌರಿಯ ಹಿಂಡಿ ಚೀಲದಿಂದ ಶುರುವಾದ ಬಿಟಿ ಮಾತು

ಹೋದ ಮಳೆಗಾಲದಲ್ಲಿ ಒಂದಿನ ಆಯಿ ಕೊಟ್ಟಿಗೆಯಿಂದ ಬಂದವಳೇ ಕೇಳಿದ್ಲು, "ತಮಾ, ಈ ಹತ್ತಿ ಹಿಂಡಿ ಪೂರಾ ಬಿಟಿದೇ ಅಡ, ಹೌದಾ? ಗೌರಿ ಹಾಲಲ್ಲಿ ಅದೆಲ್ಲ ಬತ್ತ?" ಯಾರೋ ವಾಟ್ಸಾಪಲ್ಲಿ ಕಳಿಸಿದ್ರಂತೆ. ನಾನು ಫೋನ್ ನೋಡ್ತಾನೇ "ಎಂತದೂ ಆಗ್ತಿಲ್ಲೆ ಆಯಿ" ಅಂದುಬಿಟ್ಟೆ. ಆಮೇಲೆ ಮನಸ್ಸಿಗೆ ಸರಿ ಅನ್ನಿಸ್ಲಿಲ್ಲ. ಆ ಹಾಲನ್ನ ಅಕ್ಕನ ಮಗುವೂ ಕುಡಿಯತ್ತೆ, ಗೊತ್ತಿಲ್ಲದೆ ಹೇಗೆ ಆಗಲ್ಲ ಅಂದೆ ನಾನು? ಅವತ್ತಿಂದ ಸಿಕ್ಕಿದ್ದೆಲ್ಲ ಓದೋಕೆ ಶುರು ಮಾಡಿದ್ದು.

ಮೊದಲನೇದಾಗಿ ಆಯಿ ಹೇಳಿದ್ದು ನಿಜ. ಬಿಟಿ ಹತ್ತಿ ಅಂದ್ರೆ ಹುಳ ತಡೆಯೋಕೆ ಒಂದು ಬ್ಯಾಕ್ಟೀರಿಯಾದ ಜೀನನ್ನ ಗಿಡಕ್ಕೇ ಸೇರಿಸಿ ಮಾಡಿದ ಹತ್ತಿ. ನಮ್ಮ ದೇಶದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಈಗ ಬೆಳೆಯೋ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅದೇ. ಹತ್ತಿ ಬೀಜದ ಎಣ್ಣೆ ನಾವು ತಿಂತೀವಿ, ಹಿಂಡಿ ದನ ತಿಂತದೆ. ಅಂದ್ರೆ "ಬಿಟಿ ಊಟಕ್ಕೆ ಬರಬೇಕಾ ಬೇಡವಾ" ಅಂತ ನಾವು ಚರ್ಚೆ ಮಾಡ್ತಾ ಇರೋವಾಗ್ಲೇ ಅದು ಹಿಂಬಾಗಿಲಿಂದ ಬಂದು ಇಪ್ಪತ್ತು ವರ್ಷದ ಮೇಲಾಗಿದೆ.

ಬಿಟಿ ಅನ್ನೋದು ಆ ಬ್ಯಾಕ್ಟೀರಿಯಾದ್ದೇ ಹೆಸರು, ಮಣ್ಣಲ್ಲಿರೋ ಬ್ಯಾಸಿಲಸ್ ತುರಿಂಜಿಯೆನ್ಸಿಸ್. 1901ರಲ್ಲಿ ಜಪಾನಿನಲ್ಲಿ ರೇಷ್ಮೆ ಹುಳ ಸಾಯೋದಕ್ಕೆ ಕಾರಣ ಹುಡುಕ್ತಾ ಇದ್ದವರಿಗೆ ಮೊದಲು ಸಿಕ್ಕಿದ್ದು, 1911ರಲ್ಲಿ ಜರ್ಮನಿಯ ತುರಿಂಜಿಯಾದಲ್ಲಿ ಮತ್ತೆ ಸಿಕ್ಕಿ ಆ ಸೀಮೆಯ ಹೆಸರೇ ಬಂತು. ಸಾವಯವ ಕೃಷಿ ಮಾಡೋರೂ ಇದೇ ಬ್ಯಾಕ್ಟೀರಿಯಾನ ನೀರಲ್ಲಿ ಕದಡಿ ಹೊಡೀತಾರೆ. ಅದು ಮಾಡೋ ಕ್ರೈ ಅನ್ನೋ ಪ್ರೋಟೀನನ್ನ ಬಿಟಿ ಗಿಡವೂ ಮಾಡತ್ತೆ; ಅದು ಹುಳದ ಹೊಟ್ಟೆಗೆ ಹೋದ್ರೆ, ಆ ಹೊಟ್ಟೆ ಸುಣ್ಣದ ನೀರಿನ ಹಾಗೆ ಕ್ಷಾರ ಇರೋದ್ರಿಂದ ಪ್ರೋಟೀನ್ ಕರಗಿ, ಒಡೆದು, ಕರುಳಿನ ಗೋಡೆಯಲ್ಲಿ ತನಗೆ ಸರಿಹೊಂದೋ ಜಾಗಕ್ಕೆ ಕಚ್ಚಿಕೊಂಡು ತೂತು ಮಾಡತ್ತೆ, ಹುಳ ತಿನ್ನೋದು ಬಿಟ್ಟು ಸಾಯತ್ತೆ. ನಮ್ಮ ಹೊಟ್ಟೆಯಲ್ಲಿ ಇರೋದು ಆಮ್ಲ, ಕರುಳಲ್ಲಿ ಅದು ಕಚ್ಚೋಕೆ ಬೇಕಾದ ಜಾಗವೂ ಇಲ್ಲ, ಬೇಳೆಯ ಪ್ರೋಟೀನ್ ಜೀರ್ಣ ಆದ ಹಾಗೆ ಇದೂ ಆಗತ್ತೆ. ಜೇನು ಸಾಕೋರಿಗೂ ಒಂದು ಮಾತು: ಜೇನುಹುಳದ ಮೇಲೆ ಮಾಡಿದ 25 ಪ್ರಯೋಗಗಳನ್ನ 2008ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ ಕ್ರೈ ಪ್ರೋಟೀನಿಂದ ಹುಳ ಸತ್ತಿದ್ದು ಕಂಡಿಲ್ಲ.

ಹಾಗಂತ "ಬಿಟಿ ಎಲ್ಲಾ ಸೇಫ್" ಅಂತ ಒಂದೇ ಮಾತಲ್ಲಿ ಹೇಳೋಕೆ ನಾನು ತಯಾರಿಲ್ಲ. ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಅಂತ ಒಂದು ಬಿಟಿ ಮೆಕ್ಕೆಜೋಳ ಇತ್ತು, ಅದರಲ್ಲಿದ್ದ ಕ್ರೈ ಪ್ರೋಟೀನ್ ಬೇರೆ ಜಾತಿದು, ಬೇಗ ಜೀರ್ಣ ಆಗ್ತಾ ಇರ್ಲಿಲ್ಲ, ಅಲರ್ಜಿ ಆಗಬಹುದು ಅನ್ನೋ ಅನುಮಾನಕ್ಕೆ ದನದ ಮೇವಿಗೆ ಮಾತ್ರ ಅಂತ ಪರ್ಮಿಷನ್ ಕೊಟ್ಟಿದ್ರು. 2000ದಲ್ಲಿ ಅದು ಜನ ತಿನ್ನೋ ತಿಂಡಿಯಲ್ಲೇ ಸಿಕ್ತು. ಮೇವಿನ ಜೋಳ ಬೇರೆ ಊಟದ ಜೋಳ ಬೇರೆ ಅಂತ ಕಾಗದದಲ್ಲಿ ಬರೆದ್ರೆ ಗೋಡೌನಿಗೆ ಗೊತ್ತಾಗತ್ತಾ? ಹಾಗಾಗಿ ಯಾವ ಜೀನ್, ಯಾವ ಬೆಳೆ, ಟೆಸ್ಟ್ ಮಾಡಿದ್ದು ಯಾರು, ಆ ಲೆಕ್ಕ ಎಲ್ಲರಿಗೂ ನೋಡೋಕೆ ಸಿಗತ್ತಾ, ಇದನ್ನ ಪ್ರತಿ ಸಲ ಹೊಸದಾಗಿ ಕೇಳಲೇಬೇಕು.

ಇನ್ನು ಹಿಂಡಿ ವಿಷ್ಯ. ಓದ್ತಾ ಓದ್ತಾ ನನಗೆ ನಿಜವಾಗ್ಲೂ ಹೆದರಿಕೆ ಆಗಿದ್ದು ಬಿಟಿಯಿಂದ ಅಲ್ಲ. ಹತ್ತಿ ಬೀಜದಲ್ಲಿ ಹುಟ್ಟಾ ಗಾಸಿಪಾಲ್ ಅಂತ ಒಂದು ವಿಷ ಇರತ್ತೆ, ಬಿಟಿ ಇರ್ಲಿ ಇಲ್ದೇ ಇರ್ಲಿ. ದೊಡ್ಡ ದನ ತಡ್ಕೊಳ್ಳತ್ತೆ, ಸಣ್ಣ ಕರುವಿಗೆ ಹಾಕಲೇಬಾರದು. ಅದಕ್ಕಿಂತ ಮುಖ್ಯ ಬೂಸ್ಟು. ನಮ್ಮ ಶಿರಸಿ ಮಳೆ ಗೊತ್ತಲ್ಲ, ಜೂನಿಂದ ಗೋಡೆಯೇ ಬೆವರತ್ತೆ, ಹಿಂಡಿ ಚೀಲ ನೆಲದ ಮೇಲಿದ್ರೆ ವಾರಕ್ಕೇ ಹಸಿರು ಹಿಡಿಯತ್ತೆ, ಆ ಬೂಸ್ಟಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇದ್ರೆ ಅದು ರೂಪ ಬದಲಿಸ್ಕೊಂಡು ಹಾಲಿಗೇ ಬರತ್ತೆ, ಕುದಿಸಿದ್ರೂ ಹೋಗಲ್ಲ. ಆಯಿ ಕೇಳಿದ "ಹಾಲಲ್ಲಿ ಬತ್ತ" ಅನ್ನೋದಕ್ಕೆ ಸರಿಯಾದ ಉತ್ತರ ಇದು. ಮರುದಿನವೇ ಚೀಲ ಎತ್ತಿ ಅಟ್ಟಣಿಗೆ ಮೇಲೆ ಇಟ್ಟೆ, ಅಡಿಯಲ್ಲಿ ಗಂಟುಗಟ್ಟಿದ್ದನ್ನೆಲ್ಲ ತೆಗೆದು ಗುಂಡಿಗೆ ಹಾಕಿ ಮುಚ್ಚಿದ್ವಿ. ಇಷ್ಟು ವರ್ಷ ಅದನ್ನೇ ನೀರಲ್ಲಿ ನೆನೆಸಿ ಕೊಟ್ಟಿದ್ವಿ ಅನ್ನೋದು ನೆನೆದ್ರೆ ಈಗ್ಲೂ ಹೊಟ್ಟೆ ಕಿವುಚತ್ತೆ.

ತಟ್ಟೆಯ ಮಾತು ಅಷ್ಟಾಯ್ತು. ಹೊಲದ ಮಾತು ಬೇರೆಯೇ ಇದೆ.

ನಮಗೆ ಪ್ರತಿ ವರ್ಷ ಹಾನಗಲ್ ಕಡೆಯಿಂದ ಟ್ರ್ಯಾಕ್ಟರಲ್ಲಿ ಒಣಹುಲ್ಲು ತಂದುಕೊಡೋ ಒಬ್ಬರು ಅಣ್ಣ ಇದಾರೆ, ಅವರದ್ದು ಸ್ವಲ್ಪ ಹತ್ತಿನೂ ಇತ್ತು. ಚಾ ಕುಡೀತಾ ಕೇಳಿದೆ. "ಮೊದ್ಲ ನಾಕೈದ ವರ್ಷ ಬಂಗಾರದಂಗ ಬಂತ್ರೀ, ಎಣ್ಣಿ ಹೊಡಿಯೋದ ಕಡಿಮಿ ಆಗಿತ್ತು. ಆಮ್ಯಾಲ ಕಾಯಿ ಒಡದ್ರ ಒಳಗ ಗುಲಾಬಿ ಹುಳ ಕುಂತಿತ್ರೀ" ಅಂದ್ರು. ಎಣ್ಣೆ ಅಂದ್ರೆ ಅವರ ಕಡೆ ಕೀಟನಾಶಕ. ಬೀಜದ ಜೊತೆ ಕೊಡ್ತಿದ್ದ ಸಣ್ಣ ಪಾಕೀಟು ಏನು ಮಾಡ್ತಿದ್ರಿ ಅಂತ ಕೇಳಿದ್ದಕ್ಕೆ, "ಅದನ್ಯಾರ ಬಿತ್ತತಾರ್ರೀ, ಅದಕ್ಕ ಹುಳ ಬೀಳತೈತಿ" ಅಂದ್ರು.

ಸಮಸ್ಯೆ ಅಲ್ಲೇ ಇರೋದು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಹತ್ತಿ ಬೀಜ ಕೊಡ್ತಿದ್ದಿದ್ದು ಹೊಲದ ಸುತ್ತ ಬಿತ್ತೋಕೆ, ಅದಕ್ಕೆ ಹುಳ ಬೀಳಲಿ ಅಂತಲೇ. ಬಿಟಿ ತಿಂದೂ ಬದುಕೋ ಹುಳ ಅಪರೂಪಕ್ಕೆ ಒಂದು ಹುಟ್ಟತ್ತೆ, ಸುತ್ತ ಸಾದಾ ಗಿಡದಲ್ಲಿ ಬೆಳೆದ ಹುಳ ಬೇಕಾದಷ್ಟಿದ್ರೆ ಅದು ಅವುಗಳ ಜೊತೆ ಕೂಡಿ ಆ ಗಟ್ಟಿತನ ಮುಂದಿನ ಪೀಳಿಗೆಯಲ್ಲಿ ತೆಳುವಾಗತ್ತೆ, ಸಾದಾ ಹುಳ ಇಲ್ದಿದ್ರೆ ಗಟ್ಟಿದು ಗಟ್ಟಿದರ ಜೊತೆಗೇ ಕೂಡತ್ತೆ. ಇದನ್ನ ರೈತರ ಭಾಷೆಯಲ್ಲಿ ಕೂರಿಸಿಕೊಂಡು ಹೇಳಿದವರು ಎಷ್ಟು ಜನ? ಆ ಅಣ್ಣಂಗಂತೂ ಯಾರೂ ಹೇಳಿರ್ಲಿಲ್ಲ. ಗುಜರಾತಲ್ಲಿ 2009ರ ಹೊತ್ತಿಗೇ ಗುಲಾಬಿ ಕಾಯಿಕೊರಕ ಮೊದಲ ಬಿಟಿಯನ್ನ ತಿಂದೂ ಬದುಕೋ ಹಾಗಾಯ್ತು, ಎರಡು ಜೀನ್ ಹಾಕಿದ ಎರಡನೇ ಬಿಟಿ 2006ರಲ್ಲಿ ಬಂದಿತ್ತು, ಅದೂ ಹತ್ತು ವರ್ಷದೊಳಗೆ ಸೋತಿತು. ಅದೇ ಹುಳವನ್ನ ಅಮೆರಿಕದವರು ಬಿಟಿ ಹತ್ತಿ ಜೊತೆಗೆ ಬರಡು ಮಾಡಿದ ಪತಂಗಗಳನ್ನ ಬಿಟ್ಟು, ಊರೆಲ್ಲ ಒಟ್ಟಾಗಿ ಕೆಲಸ ಮಾಡಿ 2018ರಲ್ಲಿ ಹತ್ತಿ ಸೀಮೆಯಿಂದಲೇ ಇಲ್ಲವಾಗಿಸಿದ್ರು. ಇಲ್ಲಿ ಸೋತ ಮೇಲೆ ಮತ್ತೆ ಎಣ್ಣೆ ಡಬ್ಬ ಬಂತು, 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯೋಕೆ ಹೋಗಿ ಸುಮಾರು ಇಪ್ಪತ್ತು ಜನ ಸತ್ತರು. ಬಿಟಿ ಬಗ್ಗೆ ಭಯ ಪಡೋರು ಈ ಸಾವನ್ನೂ ಲೆಕ್ಕಕ್ಕೆ ಇಟ್ಕೋಬೇಕು ಅಂತ ನನ್ನ ಅಭಿಪ್ರಾಯ.

ಬದನೆ ಕಥೆ ನಮಗೆ ಇನ್ನೂ ಹತ್ತಿರದ್ದು. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಟಿ ಮಾಡೋಕೆ ತಗೊಂಡ ಊರ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು. ಉಡುಪಿ ಹತ್ತಿರದ ಮಟ್ಟು ಅನ್ನೋ ಊರಿನವರಿಗೆ ಗುಳ್ಳದ ಬೀಜ ಕೊಟ್ಟಿದ್ದು ವಾದಿರಾಜರು ಅಂತ ಐತಿಹ್ಯ, ಅವರ ಬೃಂದಾವನ ಇರೋದು ನಮ್ಮ ಸೋಂದೆಯಲ್ಲೇ. 2009ರ ಅಕ್ಟೋಬರಲ್ಲಿ ಕೇಂದ್ರದ ಸಮಿತಿ ಬಿಟಿ ಬದನೆಗೆ ಹೂಂ ಅಂತು, ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರು ಸೇರಿ ಏಳು ಊರಲ್ಲಿ ಸಭೆ ಮಾಡಿ 2010ರ ಫೆಬ್ರವರಿ 9ಕ್ಕೆ ತಡೆ ಹಾಕಿದ್ರು, ಇನ್ನೂ ತೆಗೆದಿಲ್ಲ. ಬಿಟಿ ಬದನೆ ಕಂಪನಿಯ ಟೆಸ್ಟ್ ಲೆಕ್ಕ ಹೊರಗೆ ಬರೋಕೆ ಮಾಹಿತಿ ಹಕ್ಕು, ಕೋರ್ಟು ಎಲ್ಲ ಬೇಕಾಯ್ತು. ಒಳ್ಳೇದೇ ಇದ್ರೆ ಮೊದಲೇ ತೋರಿಸಬಹುದಿತ್ತಲ್ಲ? ಜನರ ನಂಬಿಕೆ ಹೋಗಿದ್ದು ಅಲ್ಲಿಂದಲೇ.

ಆದ್ರೆ ಬಾಂಗ್ಲಾದೇಶ 2014ರ ಜನವರಿಯಲ್ಲಿ 20 ರೈತರಿಗೆ ಅದೇ ಜೀನಿನ ಬದನೆ ಸಸಿ ಕೊಟ್ಟು ಶುರು ಮಾಡ್ತು, ಬೀಜ ರೈತರೇ ಇಟ್ಕೋಬಹುದು. ಅಲ್ಲಿ ಔಷಧಿ ಖರ್ಚು ಸುಮಾರು ಅರ್ಧ ಇಳಿದದ್ದು ದಾಖಲಾಗಿದೆ. ಬದನೆಯ ಕಾಯಿಕೊರಕ ಒಮ್ಮೆ ಕಾಯಿ ಒಳಗೆ ಹೊಕ್ಕಿದ್ರೆ ಔಷಧಿ ತಾಗಲ್ಲ, ಅದಕ್ಕೇ ಪದೇ ಪದೇ ಹೊಡೀತಾರೆ. ಕಾರವಾರದ ಭಾನುವಾರದ ಸಂತೆಯಲ್ಲಿ ಹಾಲಕ್ಕಿ ಹೆಂಗಸರು ತರೋ ಬದನೆಯಲ್ಲಿ ತೂತು ಇದ್ರೆ ಜನ ಬಿಟ್ಟು ಪಕ್ಕದ ಲಾರಿ ಮಾಲಿನ ಹೊಳೆಯೋ ಬದನೆ ಆರಿಸ್ತಾರೆ. ನಾನು ಈಗ ತೂತಿಂದೇ ತಗೊಳ್ತೀನಿ, ಕೊರೆದ ಭಾಗ ಕತ್ತರಿಸಿದ್ರಾಯ್ತು.

ನನಗೆ ಬಗೆಹರಿಯದೇ ಉಳಿದಿದ್ದು ಬೀಜ. ಬದನೆ ಹುಟ್ಟಿ ಬೆಳೆದಿದ್ದು ನಮ್ಮ ಕಡೆಯ ಮಣ್ಣಲ್ಲೇ, ಅದರ ಕಾಡು ನೆಂಟರು ಬೇಲಿ ಬುಡದಲ್ಲಿ ಇದಾರೆ, ದುಂಬಿ ಒಂದು ಹೂವಿಂದ ಇನ್ನೊಂದಕ್ಕೆ ಪರಾಗ ಒಯ್ಯತ್ತೆ. ಒಮ್ಮೆ ಬೆರೆತಿದ್ದನ್ನ ವಾಪಸ್ ತೆಗೆಯೋಕೆ ಬರಲ್ಲ. ಹತ್ತಿಯಲ್ಲಿ ಒಂದು ಪಾಕೀಟು ಬಿತ್ತಿಸೋಕೆ ಆಗದ ನಾವು ಬದನೆಯಲ್ಲಿ ಇದನ್ನ ಹೇಗೆ ಕಾಯ್ತೀವಿ?

ಇದನ್ನೆಲ್ಲ ಹೇಳಿದ ಮೇಲೆ ಆಯಿ ಜಾಸ್ತಿ ಮಾತಾಡ್ಲಿಲ್ಲ. ಹಿತ್ತಲಿನ ಮುಳ್ಳುಬದನೆ ಗಿಡದಲ್ಲಿ ಪ್ರತಿ ವರ್ಷ ಬೀಜಕ್ಕೆ ಒಂದು ಕಾಯಿ ಬಿಡ್ತಾ ಇದ್ಲು, ಈ ಸಲ ಮೂರು ಗಿಡದಲ್ಲಿ ಒಂದೊಂದಕ್ಕೆ ಬಟ್ಟೆ ಚೂರು ಕಟ್ಟಿದ್ದಾಳೆ. ಹಣ್ಣಾಗಿ ಹಳದಿ ತಿರುಗಿವೆ, ಬಿಸಿಲು ನೋಡಿ ಕೊಯ್ದು ಬೂದಿಯಲ್ಲಿ ಹೊರಳಿಸಿ ಇಡಬೇಕು.