ಸೊನ್ನೆ ಮಳೆ, ಖಾಲಿ ಮಳೆ

ಮಾರ್ಚ್ ಬಂತೆಂದರೆ ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಒಂದೇ ಲೆಕ್ಕ: ನಿಮ್ಮಲ್ಲಿ ಎಷ್ಟು ಬಂತು, ನಮ್ಮಲ್ಲಿ ಎಷ್ಟು ಬಂತು. ರೋಬಸ್ಟಾ ಅರಳಲು ಇಂಚಿನ ಆಸುಪಾಸು ಹೂಮಳೆ ಬೇಕು. ಬಾರದಿದ್ದರೆ ಸ್ಪ್ರಿಂಕ್ಲರ್ ಹಚ್ಚಬೇಕು. ಹಾಗಾಗಿ ಮಳೆ ದಾಖಲೆಯ ಪುಟದಲ್ಲಿ ಸೊನ್ನೆ ಕಾಣುವುದಕ್ಕೂ ಏನೂ ಕಾಣದೇ ಇರುವುದಕ್ಕೂ ಅಜಗಜಾಂತರ. ಸೊನ್ನೆ ಎಂದರೆ ಮಾಪಕ ನೋಡಿದ್ದಾರೆ, ಮಳೆ ಬಂದಿಲ್ಲ. ಖಾಲಿ ಎಂದರೆ ಯಾರೂ ನೋಡಿಲ್ಲ.

ಬೆಳಿಗ್ಗೆ ಬಂದ ಫೋನು ಇದರದ್ದೇ. ‘ಅಲ್ಲ ಮಾರಾಯ್ರೇ, ದಿನಾ ಸೊನ್ನೆ ಅಂತ ತುಂಬ್ತಾ ಇದೀನಿ, ನಿಮ್ಮ ಪಟ್ಟಿಯಲ್ಲಿ ಬರೀ ಗೆರೆ ಕಾಣ್ತದಲ್ಲ?’ ಎಂದು ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಕೇಳಿದರು. ತೋಟಗಳ ಮಳೆ ದಾಖಲೆಯ ಜಾಲತಾಣ ನೋಡಿಕೊಳ್ಳುವ, ಬಸವನಹಳ್ಳಿ ರಸ್ತೆಯ ನಮ್ಮ ಪುಟ್ಟ ಆಫೀಸಿನಲ್ಲಿ ಅಂದಿನ ಕೆಲಸ ಅಲ್ಲಿಂದಲೇ ಶುರುವಾಯಿತು.

ತಂತ್ರಾಂಶ ಫ್ಲಾಸ್ಕ್‌ನದು (ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟುವ ಚೌಕಟ್ಟು), ಪುಟದ ಅಚ್ಚಿಗೆ, ಅಂದರೆ ಟೆಂಪ್ಲೇಟಿಗೆ, ಮಾಹಿತಿ ತುಂಬುವ ಟೆಂಪ್ಲೇಟ್ ಎಂಜಿನ್ ಜಿಂಜಾ. (ಜಿಂಜಾ ಅಂದರೆ ಜಪಾನಿನಲ್ಲಿ ಶಿಂಟೋ ದೇಗುಲ, ಟೆಂಪಲ್ ಮತ್ತು ಟೆಂಪ್ಲೇಟ್ ಪದಗಳ ಪ್ರಾಸದಿಂದ ಹುಟ್ಟಿದ ಹೆಸರು.) ಮಳೆಯ ಸಾಲು ಒಟ್ಟು ನಾಲ್ಕು ಪುಟಗಳಲ್ಲಿ ಬರುತ್ತಿತ್ತು: ದಿನದ ಪಟ್ಟಿ, ತಿಂಗಳ ಪಟ್ಟಿ, ತೋಟದ ಪುಟ, ಮುದ್ರಣದ ಪುಟ. ನಾಲ್ಕೂ ಕಡೆ ಅದೇ ಎಚ್‌ಟಿಎಂಎಲ್ ಅನ್ನು ನಕಲಿಸಿ ಅಂಟಿಸಲಾಗಿತ್ತು, ನಾಲ್ಕರಲ್ಲೂ ಒಂದಿಷ್ಟು ಬೇರೆ ಬೇರೆ ತಿದ್ದುಪಡಿ. ತಪ್ಪು ಸಿಕ್ಕಿದ್ದು ಬೇಗ. ‘ಇಫ್ ಮಳೆ’ ಎಂದು ಬರೆದು, ಇದ್ದರೆ ಅಂಕಿ, ಇಲ್ಲದಿದ್ದರೆ ಗೆರೆ ಎಂದು ಹೇಳಿತ್ತು. ಪೈಥಾನ್‌ನಲ್ಲಿ 0 ಎಂಬ ಸಂಖ್ಯೆ ಸುಳ್ಳಿನ ಲೆಕ್ಕ, ಜಿಂಜಾದಲ್ಲೂ ಅಷ್ಟೇ. ಬೇಕಾದದ್ದು ‘ಇಫ್ ಮಳೆ ಈಸ್ ನಾಟ್ ನನ್’ (ನನ್ ಅಂದರೆ None, ಏನೂ ತುಂಬಿಲ್ಲ ಎಂಬುದರ ಗುರುತು). ಇನ್ನೊಂದು ಪುಟದಲ್ಲಿ ಡಿಫಾಲ್ಟ್ ಫಿಲ್ಟರ್ (ಮಾಹಿತಿ ಇಲ್ಲದಿದ್ದರೆ ಬದಲಿ ತೋರಿಸುವುದು) ಹಾಕಿ, ಅದರ ಎರಡನೇ ಜಾಗಕ್ಕೆ ‘ಟ್ರೂ’ ಕೊಟ್ಟಿದ್ದರು. ಆ ಟ್ರೂ ಇಲ್ಲದಿದ್ದರೆ ಡಿಫಾಲ್ಟ್ ಕೆಲಸ ಮಾಡುವುದು ಟೆಂಪ್ಲೇಟಿಗೆ ಕೊಟ್ಟೇ ಇಲ್ಲದ ಹೆಸರಿಗೆ ಮಾತ್ರ. ಡೇಟಾಬೇಸಿನಿಂದ ಬಂದ ನನ್ ಬೆಲೆ (ವ್ಯಾಲ್ಯೂ) ತೆರೆಯ ಮೇಲೆ ‘ನನ್’ ಎಂದೇ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಟ್ರೂ ಇದ್ದರೆ ನನ್ ಜತೆಗೆ ಸೊನ್ನೆಯನ್ನೂ ನುಂಗುತ್ತದೆ. ಎರಡೂ ನಮಗೆ ಬೇಡ.

ಇಷ್ಟು ದಿನ ಇದು ಕಣ್ಣಿಗೆ ಬೀಳದೇ ಇದ್ದದ್ದಕ್ಕೂ ಕಾರಣವಿದೆ. ಫಾರಂ ತುಂಬಿದ ಮೇಲೆ ಬರುವ ‘ಸರಿ ಇದೆಯೇ ನೋಡಿ’ ಪುಟಕ್ಕೆ ಬೆಲೆ ಹೋಗುತ್ತಿದ್ದದ್ದು ಪಠ್ಯವಾಗಿ. ಉದ್ಧರಣ ಚಿಹ್ನೆಯೊಳಗಿನ ‘0’ ಖಾಲಿ ಪಠ್ಯವಲ್ಲ, ಆದ್ದರಿಂದ ನಿಜದ ಲೆಕ್ಕ. ಅಲ್ಲಿ ಸೊನ್ನೆ ಚೆನ್ನಾಗಿಯೇ ಕಾಣುತ್ತಿತ್ತು. ಉಳಿಸಿ ಮತ್ತೆ ಓದಿದಾಗ ಅದು ಸಂಖ್ಯೆಯಾಗಿ, ಗೆರೆಯಾಗಿ ಬರುತ್ತಿತ್ತು. ಪರೀಕ್ಷಿಸುವವರು ನೋಡುತ್ತಿದ್ದದ್ದು ಮೊದಲ ಪುಟವನ್ನೇ.

ನಾಲ್ಕು ಕಡೆ ತಿದ್ದುವ ಬದಲು ಸಾಲನ್ನು ಒಂದೇ ಕಡೆಗೆ ತರುವುದು ಎಂದಾಯಿತು. ದಾರಿ ಎರಡು: ಇನ್‌ಕ್ಲೂಡ್ (ಬೇರೆ ಕಡತದ ತುಣುಕನ್ನು ಹಾಗೇ ಸೇರಿಸುವುದು) ಅಥವಾ ಮ್ಯಾಕ್ರೋ (ಬೆಲೆ ಕೊಟ್ಟು ಕರೆಯುವ, ಹೆಸರಿಟ್ಟ ತುಣುಕು). ಇನ್‌ಕ್ಲೂಡ್ ಸುಲಭ, ಆದರೆ ಕರೆದ ಪುಟದ ಎಲ್ಲ ಹೆಸರುಗಳೂ ಅದರೊಳಗೆ ಕಾಣುತ್ತವೆ. ದಿನದ ಪುಟದ ಲೂಪಿನಲ್ಲಿ ‘ದಾಖಲೆ’ ಎಂಬ ಹೆಸರಿದ್ದು ತಿಂಗಳ ಪುಟದಲ್ಲಿ ‘ಸಾಲು’ ಎಂದಿದ್ದರೆ ಅದೇ ತುಣುಕು ಒಂದು ಕಡೆ ನಡೆಯುತ್ತದೆ, ಇನ್ನೊಂದು ಕಡೆ ಸುಮ್ಮನೆ ಖಾಲಿಯಾಗುತ್ತದೆ. ಪುಟದ ಅಡಿಪಟ್ಟಿ, ಮೆನು ಇಂಥವಕ್ಕೆ ಇನ್‌ಕ್ಲೂಡ್ ಸಾಕು. ಹತ್ತಾರು ಸಲ ಬೇರೆ ಬೇರೆ ಬೆಲೆ ಕೊಟ್ಟು ಕರೆಯುವ ಸಾಲಿಗೆ ಮ್ಯಾಕ್ರೋವೇ ಸರಿ: ಏನು ಬೇಕು ಎಂಬುದು ಅದರ ಮೊದಲ ಗೆರೆಯಲ್ಲೇ ಬರೆದಿರುತ್ತದೆ.

ಬರೆದದ್ದು ಹೀಗೆ: ತೋಟದ ಹೆಸರು, ದಿನಾಂಕ, ಸೆಂಟುಗಳಲ್ಲಿ ಮಳೆ, ಟಿಪ್ಪಣಿ. ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು. ತೋಟದವರು ‘ಒಂದಿಂಚು ಇಪ್ಪತ್ತು ಸೆಂಟು’ ಎಂದೇ ಹೇಳುವುದು. ಹಳೆಯ ಕೋಡು 1.20 ಎಂಬ ದಶಾಂಶವನ್ನು ಚುಕ್ಕೆಯಲ್ಲಿ ಸೀಳುತ್ತಿತ್ತು. ದಶಾಂಶ ಸಂಖ್ಯೆಗೆ ಕೊನೆಯ ಸೊನ್ನೆ ನೆನಪಿರುವುದಿಲ್ಲ, 1.2 ಆಗಿ, ‘1 ಇಂಚು 2 ಸೆಂಟು’ ಎಂದು ಕಾಣುತ್ತಿತ್ತು. 18 ಸೆಂಟಿನಷ್ಟು ಮಳೆ ಗಾಳಿಗೆ ಹೋದಂತೆ. ಈಗ 120 ಎಂಬ ಪೂರ್ಣಾಂಕವನ್ನೇ ಇಟ್ಟುಕೊಂಡು, ನೂರರಿಂದ ಭಾಗಿಸಿದ ಪೂರ್ಣ ಭಾಗ ಇಂಚು, ಶೇಷ ಸೆಂಟು. ಜಿಂಜಾದಲ್ಲಿ ಎರಡು ಓರೆಗೆರೆ ಮತ್ತು ಶೇಕಡಾ ಚಿಹ್ನೆ ಈ ಎರಡೂ ಕೆಲಸ ಮಾಡುತ್ತವೆ. ಮಿಲಿಮೀಟರ್ ಬೇಕಾದವರಿಗೆ ಸೆಂಟನ್ನು 0.254ರಿಂದ ಗುಣಿಸಿದರಾಯಿತು: 120 ಸೆಂಟು 30.48 ಮಿ.ಮೀ.

ಮಿ.ಮೀ. ಪ್ರಸ್ತಾಪ ಬಂದದ್ದೇ ಮಧ್ಯಾಹ್ನದ ತಲೆನೋವಿಗೆ ಮೂಲ. ಲಾಗಿನ್ ಆದವರು ಯಾವ ಅಳತೆ ಆರಿಸಿದ್ದಾರೆ ಎಂಬುದನ್ನು ಕಾಂಟೆಕ್ಸ್ಟ್ ಪ್ರೊಸೆಸರ್ ಎಂಬ ಫ್ಲಾಸ್ಕ್ ಸೌಲಭ್ಯ ಎಲ್ಲ ಟೆಂಪ್ಲೇಟಿಗೂ ‘ಅಳತೆ’ ಎಂಬ ಹೆಸರಿನಲ್ಲಿ ಕೊಡುತ್ತಿತ್ತು. ಮ್ಯಾಕ್ರೋವನ್ನು ಬೇರೆ ಕಡತಕ್ಕೆ ಹಾಕಿ ಇಂಪೋರ್ಟ್ ಮಾಡಿದ ಕೂಡಲೇ ಎಲ್ಲರಿಗೂ ಇಂಚೇ ಕಾಣತೊಡಗಿತು. ಇಂಪೋರ್ಟ್ ಮಾಡಿದ ಟೆಂಪ್ಲೇಟಿಗೆ ಕರೆದ ಪುಟದ ಕಾಂಟೆಕ್ಸ್ಟ್, ಅಂದರೆ ಅಲ್ಲಿನ ಹೆಸರು ಮತ್ತು ಬೆಲೆಗಳು, ಹೋಗುವುದಿಲ್ಲ. ಫ್ಲಾಸ್ಕ್ ತಾನೇ ಕೊಡುವ ರಿಕ್ವೆಸ್ಟ್, ಸೆಷನ್ ಎಲ್ಲ ಟೆಂಪ್ಲೇಟಿಗೂ ಕಾಣುವ ಗ್ಲೋಬಲ್‌ನಲ್ಲೂ ಇರುವುದರಿಂದ ಸಿಗುತ್ತವೆ. ನಾವು ಸೇರಿಸಿದ್ದು ಸಿಗುವುದಿಲ್ಲ. ಅರ್ಧ ಸಿಗುವುದರಿಂದಲೇ ಮೋಸ ಹೋಗುವುದು. ‘ವಿತ್ ಕಾಂಟೆಕ್ಸ್ಟ್’ ಎಂದು ಇಂಪೋರ್ಟಿನ ಬಾಲಕ್ಕೆ ಸೇರಿಸಿದರೆ ಸರಿಹೋಗುತ್ತದೆ, ಆದರೆ ಆಗ ಮ್ಯಾಕ್ರೋ ಮತ್ತೆ ಇನ್‌ಕ್ಲೂಡ್‌ನಂತೆ ಹೊರಗಿನದನ್ನು ನಂಬಿ ಕೂರುತ್ತದೆ. ಹಾಗಾಗಿ ಅಳತೆಯನ್ನೂ ಒಂದು ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಬೆಲೆ) ಮಾಡಿ ಕೈಯಾರೆ ಕೊಟ್ಟೆವು. ಕರೆಯುವ ಗೆರೆ ಉದ್ದವಾಯಿತು, ಆಗಲಿ.

ಇಷ್ಟೆಲ್ಲ ತಪ್ಪೂ ಸದ್ದಿಲ್ಲದೆ ನಡೆದದ್ದೇ ದೊಡ್ಡ ತಕರಾರು. ಇಲ್ಲದ ಹೆಸರನ್ನು ಅಚ್ಚಿಸು ಎಂದರೆ ಜಿಂಜಾ ಖಾಲಿ ಪಠ್ಯ ಕೊಡುತ್ತದೆ. ಇನ್ನೊಂದಕ್ಕೆ ಸಮವೇ ಎಂದು ಕೇಳಿದರೆ ಸುಳ್ಳು ಎನ್ನುತ್ತದೆ. ಮ್ಯಾಕ್ರೋಗೆ ಇಲ್ಲದ ಹೆಸರಿನ ಆರ್ಗ್ಯುಮೆಂಟ್ ಕೊಟ್ಟರೆ ದೋಷ ಬರುತ್ತದೆ, ಆದರೆ ಬೇಕಾದದ್ದನ್ನು ಕೊಡಲು ಮರೆತರೆ ಚಕಾರವಿಲ್ಲ. ಇನ್ನೂ ಕೆಟ್ಟದ್ದು: ಮರೆತ ಮಳೆ ‘ನನ್ ಅಲ್ಲ’ ಎಂಬ ನಮ್ಮ ಹೊಸ ಪರೀಕ್ಷೆಯನ್ನು ದಾಟಿ ಒಳಗೆ ಬರುತ್ತದೆ. ಮದ್ದು, ಆ್ಯಪ್ ಶುರುವಾಗುವಲ್ಲೇ ಜಿಂಜಾ ಆಯ್ಕೆಗಳಲ್ಲಿ ‘ಸ್ಟ್ರಿಕ್ಟ್ ಅನ್‌ಡಿಫೈನ್ಡ್’ ಹಾಕುವುದು: ಆಗ ಇಲ್ಲದ ಹೆಸರು ಬಳಸಿದರೆ ಖಾಲಿಯ ಬದಲು ದೋಷ ಬರುತ್ತದೆ. ಹಾಕಿದ ತಕ್ಷಣ ಮೂರು ಹಳೆಯ ಪುಟಗಳು ಸಿಡಿದವು. ಒಂದೊಂದರಲ್ಲೂ ಎಂದೋ ಅಳಿಸಿದ್ದ ಹೆಸರುಗಳಿದ್ದವು. ನಿಜವಾಗಿ ಐಚ್ಛಿಕವಾದ ಟಿಪ್ಪಣಿಗೆ ಮ್ಯಾಕ್ರೋದಲ್ಲೇ, ಏನೂ ಕೊಡದಿದ್ದಾಗಿನ ಬೆಲೆ ನನ್ ಎಂದು ಕೊಟ್ಟರೆ ಸಾಕು. ಹೊಸದಾಗಿ ಶುರು ಮಾಡುವವರು ಈ ಸ್ಟ್ರಿಕ್ಟ್ ಆಯ್ಕೆಯನ್ನು ಮೊದಲ ದಿನವೇ ಹಾಕಿಕೊಳ್ಳಬೇಕು. ವರ್ಷ ಕಳೆದ ಮೇಲೆ ಹಾಕಿದರೆ ಒಂದು ಮಧ್ಯಾಹ್ನ ಹೋಗುತ್ತದೆ, ನಮಗೆ ಹೋದಂತೆ.

ನಡುವೆ ಕರೆಂಟು ಹೋಗಿ ಬಂತು. ಯುಪಿಎಸ್ ಇಪ್ಪತ್ತು ನಿಮಿಷ ತಡೆಯಿತು.

ಸಾಲನ್ನು ಒಂಟಿಯಾಗಿ ನೋಡಲೆಂದು ಮಾಡಿದ ಮಾದರಿ ಪುಟದಲ್ಲಿ ಕೋಶಗಳೇ ಮಾಯ, ಬರೀ ಪಠ್ಯ ಒಂದರ ಪಕ್ಕ ಒಂದು. ದೋಷ ಜಿಂಜಾದ್ದಲ್ಲ. ಕೋಷ್ಟಕದ ಸಾಲಿನ ಟ್ಯಾಗನ್ನು ಡಿವ್ (ಸಾಮಾನ್ಯ ಪೆಟ್ಟಿಗೆಯ ಟ್ಯಾಗು) ಒಳಗೆ ಇಟ್ಟರೆ ಬ್ರೌಸರ್ ಆ ಟ್ಯಾಗುಗಳನ್ನು ಕಿತ್ತೆಸೆಯುತ್ತದೆ. ಸುತ್ತ ಟೇಬಲ್, ಟಿಬಾಡಿ ಹಾಕಿದ ಮೇಲೆ ಸರಿಯಾಯಿತು. ಕೋಶದ ಒಳಗಿನ ಅಂತರ ತುಣುಕಿನದ್ದು, ಹೊರಗಿನ ಮಾರ್ಜಿನ್ ಪುಟದ್ದು. ತುಣುಕಿನೊಳಗೇ ಮಾರ್ಜಿನ್ ಹೊಲಿದುಬಿಟ್ಟರೆ ಮುದ್ರಣದ ಪುಟದಲ್ಲಿ ಅದನ್ನು ಬಿಚ್ಚುತ್ತಾ ಕೂರಬೇಕು.

ತುಂಬುವ ಫಾರಂನ ಪೆಟ್ಟಿಗೆಯನ್ನೂ ಅದೇ ಉಸಿರಿನಲ್ಲಿ ಮ್ಯಾಕ್ರೋ ಮಾಡಿದೆವು. ಎರಡು ತೋಟ ಇರುವವರಿಗೆ ಒಂದೇ ಪುಟದಲ್ಲಿ ಎರಡು ಪೆಟ್ಟಿಗೆ ಬರುತ್ತವೆ, ಎರಡಕ್ಕೂ ಐಡಿ (ಪುಟದೊಳಗಿನ ಗುರುತಿನ ಹೆಸರು) ‘ಮಳೆ’. ಎರಡನೆಯದರ ಲೇಬಲ್ ಒತ್ತಿದರೆ ಕರ್ಸರ್ ಮೊದಲನೆಯದಕ್ಕೆ ಹಾರುತ್ತದೆ. ಮೊಬೈಲಿನಲ್ಲಿ ಆತುರದಿಂದ ತುಂಬುವವರು ತಪ್ಪು ತೋಟಕ್ಕೆ ಮಳೆ ಸುರಿಸುತ್ತಾರೆ. ಐಡಿಗೆ ತೋಟದ ಸಂಖ್ಯೆಯನ್ನು ಸೇರಿಸಬೇಕು, ಲೇಬಲಿನ ‘ಫಾರ್’ಗೂ ಅದನ್ನೇ.

ಟ್ಯಾಗಿನೊಳಗಿನ ಆಟ್ರಿಬ್ಯೂಟ್ ಬೆಲೆಗಳ ಸುತ್ತ ಉದ್ಧರಣ ಚಿಹ್ನೆ ಹಾಕದೇ ಬಿಟ್ಟಿದ್ದರೆ ಎಸ್ಕೇಪ್ (ಟ್ಯಾಗಿನ ಚಿಹ್ನೆಗಳನ್ನು ಬರೀ ಪಠ್ಯವಾಗಿಸುವುದು) ಕಾಪಾಡುವುದಿಲ್ಲ. ‘ಮೇಲಿನ ತೋಟ’ ಎಂಬ ಹೆಸರಿನಲ್ಲಿ ನಡುವೆ ಜಾಗ ಇದೆಯಲ್ಲ, ಬ್ರೌಸರಿಗೆ ‘ಮೇಲಿನ’ ಮಾತ್ರ ಬೆಲೆ, ‘ತೋಟ’ ಇನ್ನೊಂದು ಆಟ್ರಿಬ್ಯೂಟು. ಪೈಥಾನ್ ಕಡೆಯಿಂದ ಸ್ಪ್ಯಾನ್ ಟ್ಯಾಗು ಕಟ್ಟಿ ಕಳಿಸುವ ಒಂದು ಹಳೆಯ ಫಂಕ್ಷನ್ ಇತ್ತು. ಟ್ಯಾಗುಗಳು ತೆರೆಯ ಮೇಲೆ ಹಾಗೇ ಕಾಣುತ್ತವೆ ಎಂದು ಯಾರೋ ಎಸ್ಕೇಪ್ ತಪ್ಪಿಸುವ ‘ಸೇಫ್’ ಫಿಲ್ಟರ್ ಹಚ್ಚಿದ್ದರು. ಒಳಗೆ ಬಳಕೆದಾರರ ಟಿಪ್ಪಣಿಯೂ ಸೇರಿದ್ದರಿಂದ ಅದು ಟಿಪ್ಪಣಿಯಲ್ಲಿ ಕೋಡು ತುರುಕುವವರಿಗೆ ಬಾಗಿಲು ತೆರೆದಿಟ್ಟಂತೆ. ಮ್ಯಾಕ್ರೋ ಕೊಡುವ ಫಲಿತ ಆಟೋಎಸ್ಕೇಪ್ ಇದ್ದಾಗ ಮೊದಲೇ ಮಾರ್ಕಪ್ (ಎಸ್ಕೇಪ್ ಮುಗಿದ ಎಚ್‌ಟಿಎಂಎಲ್) ಆಗಿರುತ್ತದೆ, ಸೇಫ್ ಬೇಕಿಲ್ಲ. ಫಂಕ್ಷನನ್ನೇ ಕಿತ್ತು ಹಾಕಿದೆವು.

ಟಿಪ್ಪಣಿಯನ್ನು 11 ಅಕ್ಷರಕ್ಕೆ ಕತ್ತರಿಸುವ ಟ್ರಂಕೇಟ್ ಫಿಲ್ಟರ್ ಕನ್ನಡದಲ್ಲಿ ಅಕ್ಷರ ಎಣಿಸುವುದಿಲ್ಲ, ಯೂನಿಕೋಡ್ ಸಂಕೇತ ಎಣಿಸುತ್ತದೆ. ‘ಚಿಕ್ಕಮಗಳೂರು’ ನಮ್ಮ ಕಣ್ಣಿಗೆ ಆರು, ಅದಕ್ಕೆ 11. ಪದ ಒಡೆಯಲು ಬಿಟ್ಟರೆ ಒತ್ತಿನ ನಡುವೆಯೇ ಕತ್ತರಿ ಆಡುತ್ತದೆ. ಕತ್ತರಿಸುವ ಕೆಲಸವನ್ನು ಪುಟದ ಅಂದ ನೋಡುವ ಸಿಎಸ್‌ಎಸ್‌ಗೆ ಬಿಟ್ಟು, ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿದೆವು, 1.2 ಇದ್ದಾಗ ಒತ್ತಕ್ಷರದ ಕಾಲು ಕೋಶದಂಚಿನಲ್ಲಿ ತುಂಡಾಗುತ್ತಿತ್ತು.

ಪರೀಕ್ಷೆಗೆ ಪೂರ್ತಿ ಪುಟ ಬೇಕಿಲ್ಲ. ಫ್ಲಾಸ್ಕ್‌ನ ‘ಗೆಟ್ ಟೆಂಪ್ಲೇಟ್ ಆಟ್ರಿಬ್ಯೂಟ್’ ಮ್ಯಾಕ್ರೋವನ್ನು ಪೈಥಾನ್ ಫಂಕ್ಷನಿನಂತೆ ಕೈಗೆ ಕೊಡುತ್ತದೆ. ಐದು ಬೆಲೆ ಇಟ್ಟೆವು: ನನ್, 0, 5, 100, 120. ನನ್‌ಗೆ ಗೆರೆ, 0ಗೆ ‘ಸೊನ್ನೆ’, 5ಕ್ಕೆ ಇಂಚಿನ ಮಾತಿಲ್ಲದೆ ‘5 ಸೆಂಟು’, 100ಕ್ಕೆ ಸೆಂಟಿನ ಮಾತಿಲ್ಲದೆ ‘1 ಇಂಚು’. ಆರನೆಯದು ಮಳೆಯನ್ನೇ ಕೊಡದ ಕರೆ. ಅದು ದೋಷ ಎಸೆಯಬೇಕು.

ಸಂಜೆ ಸರ್ವರಿಗೆ ಏರಿಸಿ ನೋಡಿದರೆ ಹಳೆಯ ಗೆರೆಯೇ. ಒಮ್ಮೆ ಓದಿದ ಟೆಂಪ್ಲೇಟನ್ನು ಜಿಂಜಾ ಕಂಪೈಲ್ ಮಾಡಿ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಡಿಬಗ್ ಆಫ್ ಇದ್ದಾಗ ಕಡತ ಬದಲಾದದ್ದನ್ನು ಫ್ಲಾಸ್ಕ್ ನೋಡುವುದಿಲ್ಲ. ಆ್ಯಪ್ ಓಡಿಸುವ ಗುನಿಕಾರ್ನ್ ತಂತ್ರಾಂಶವನ್ನು ಮರುಚಾಲನೆ ಮಾಡಿದ ಮೇಲೆ ಮೂಡಿಗೆರೆಯ ಸಾಲಿನಲ್ಲಿ ಹನ್ನೊಂದು ದಿನದ ‘ಸೊನ್ನೆ’ ಒಂದರ ಕೆಳಗೊಂದು ನಿಂತವು. ಫೋನು ಮಾಡಿ ತಿಳಿಸಿದೆವು. ‘ಹ್ಞಾಂ, ಈಗ ಬಂತು. ಮಳೆ ಮಾತ್ರ ಇನ್ನೂ ಬಂದಿಲ್ಲ, ನಾಳೆ ಮೋಟ್ರು ಹಾಕ್ತೀವಿ’ ಎಂದರು.