ಸುದ್ದಿ ಎಲ್ಲಾ ಮೊಬೈಲ್‌ನ್ಯಾಗ ಬರ್ತೈತಿ, ಮತ್ತ ನೀವೇನ್ ಬರೀತೀರಿ?

ಗದಗಿನಲ್ಲಿ ಯಾವ ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿದರೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. "ಸರ, ಸುದ್ದಿ ಎಲ್ಲಾ ಮೊಬೈಲ್‌ನ್ಯಾಗ ಬರ್ತೈತಿ. ಮತ್ತ ನೀವು ಪೇಪರಿನ್ಯಾಗ ಏನ್ ಬರೀತೀರಿ?" ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಇಲ್ಲ. ಕೇಳುವುದರಲ್ಲಿ ತಪ್ಪೇನಿದೆ? ರಾತ್ರಿ ಮುಳಗುಂದ ನಾಕಾದಲ್ಲಿ ಅಪಘಾತವಾದರೆ, ನಾನು ಹೆಲ್ಮೆಟ್ ಹುಡುಕುವಷ್ಟರಲ್ಲಿ ಅದರ ವಿಡಿಯೊ ನನಗೇ ನಾಲ್ಕು ಗ್ರೂಪಿನಿಂದ ಬಂದಿರುತ್ತದೆ.

ನಾನು ಈ ಕೆಲಸಕ್ಕೆ ಸೇರಿದಾಗ ಸುದ್ದಿ ಹುಬ್ಬಳ್ಳಿಗೆ ಫ್ಯಾಕ್ಸ್‌ನಲ್ಲಿ ಹೋಗುತ್ತಿತ್ತು, ಫೋಟೊ ಬಸ್ಸಿನಲ್ಲಿ. ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು ಬರೆದು, ಲಕೋಟೆಯನ್ನು ಡ್ರೈವರ್ ಕೈಗೆ ಕೊಟ್ಟು ಬರುವುದು. ಬಸ್ಸು ಅಣ್ಣಿಗೇರಿಯಲ್ಲಿ ಪಂಕ್ಚರ್ ಆದರೆ ಮರುದಿನದ ಸುದ್ದಿಗೆ ಫೋಟೊ ಇಲ್ಲ. ಗದಗ ಜಿಲ್ಲೆಯಾಗಿದ್ದು 1997ರಲ್ಲಿ, ಧಾರವಾಡದಿಂದ ಬೇರೆಯಾಗಿ. 1999ರಲ್ಲಿ ನಮ್ಮೂರಿನವರೇ ಆದ ವಿಜಯ ಸಂಕೇಶ್ವರ 'ವಿಜಯ ಕರ್ನಾಟಕ' ಶುರು ಮಾಡಿದರು. ಆಮೇಲೆ ನಮ್ಮ ಕಡೆ ಜಿಲ್ಲಾ ಪುಟಗಳ ಪೈಪೋಟಿ ಜೋರಾಯಿತು. ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ನಿಧನ ವಾರ್ತೆ, ಎಲ್ಲಕ್ಕೂ ಜಾಗ ಸಿಕ್ಕಿತು. ಜನ ಖುಷಿಪಟ್ಟರು, ನಾವೂ.

ಕಳೆದುಕೊಂಡಿದ್ದು ಏನು ಅಂತ ಗೊತ್ತಾಗಿದ್ದು ತಡವಾಗಿ. 1980ರ ರೈತ ಬಂಡಾಯವನ್ನು ಜನ ಇಂದಿಗೂ 'ನರಗುಂದ-ನವಲಗುಂದ' ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎರಡೂ ಊರು ಹುಬ್ಬಳ್ಳಿ-ವಿಜಯಪುರ ರಸ್ತೆಯಲ್ಲಿವೆ, ಎರಡಕ್ಕೂ ಮಲಪ್ರಭಾ ಕಾಲುವೆ. ಆಗ ಎರಡೂ ಧಾರವಾಡ ಜಿಲ್ಲೆಗೇ ಸೇರಿದ್ದವು. 2015ರಲ್ಲಿ ಮಹದಾಯಿ ನೀರಿಗಾಗಿ ರೈತರು ಧರಣಿ ಕೂತಾಗ ನರಗುಂದ ಗದಗ ಜಿಲ್ಲೆ, ನವಲಗುಂದ ಧಾರವಾಡ ಜಿಲ್ಲೆ. ಬಂದ್ ಇದ್ದ ದಿನ, ಗಲಾಟೆಯಾದ ದಿನ ಮುಖಪುಟಕ್ಕೆ ಬರುತ್ತಿತ್ತು, ಸರಿ. ಉಳಿದ ದಿನ ನಾನಿದ್ದ ಪತ್ರಿಕೆಯಲ್ಲಿ ನರಗುಂದದ ಸುದ್ದಿ ಗದಗ ಪುಟಕ್ಕೆ, ನವಲಗುಂದದ್ದು ಧಾರವಾಡ ಪುಟಕ್ಕೆ. ಆಯಾ ಜಿಲ್ಲೆಯ ಪುಟ ಆಯಾ ಜಿಲ್ಲೆಗೆ ಹೋಗುವ ಪೇಪರಿನಲ್ಲಿ ಮಾತ್ರ. ಒಂದೇ ನೀರಿಗಾಗಿ ಕೂತವರಿಗೆ ಆಚೆ ಊರಿನಲ್ಲಿ ಇವತ್ತು ಏನಾಯಿತು ಅಂತ ನಮ್ಮ ಪೇಪರ್ ಓದಿದರೆ ತಿಳಿಯುತ್ತಿರಲಿಲ್ಲ. ವಾಟ್ಸ್‌ಆ್ಯಪ್ ನೋಡಿದರೆ ತಿಳಿಯುತ್ತಿತ್ತು. ಇದನ್ನು ಒಪ್ಪಿಕೊಳ್ಳಬೇಕು ಅಲ್ವಾ?

ಹಾಗಂತ ಮೊಬೈಲ್ ನಂಬಿ ಕೂತರೂ ಕಷ್ಟ. ನಮ್ಮ ಗದಗ-ಬೆಟಗೇರಿ ಅವಳಿ ನಗರದಲ್ಲಿ ನಳಕ್ಕೆ ನೀರು ಬರುವುದು ಹಬ್ಬ ಇದ್ದಂಗೆ, ಯಾವಾಗ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಚಿಂತೆ ಕಡಿಮೆ. ಒಂದು ಬೇಸಿಗೆಯಲ್ಲಿ ಬೆಟಗೇರಿಯ ನೇಕಾರರ ಓಣಿಗೆ ಹೋಗಿದ್ದೆ. ಒಬ್ಬರು ಅವ್ವ ಅಂಗಳದಲ್ಲಿ ಬ್ಯಾರಲ್ ಮಗುಚಿ ಹಾಕಿಕೊಂಡು ಕೂತಿದ್ದರು. "ನಾಳೆ ಮುಂಜಾನೆ ನೀರು ಬಿಡ್ತಾರ" ಅಂತ ಯಾರದೋ ದನಿಯ ಮೆಸೇಜು ಬಂದಿತ್ತು. ತಳದಲ್ಲಿದ್ದ ನೀರು ಚೆಲ್ಲಿ, ಬ್ಯಾರಲ್ ತಿಕ್ಕಿ ತೊಳೆದಿಟ್ಟಿದ್ದರು. ನೀರು ಬರಲೇ ಇಲ್ಲ. ವಿಚಾರಿಸಿದರೆ ಅದು ಹಿಂದಿನ ವರ್ಷದ ಮೆಸೇಜು, ಯಾರೋ ಸುಮ್ನೆ ಮತ್ತೆ ಹರಿಬಿಟ್ಟಿದ್ದರು. "ಸುಳ್ಳಲ್ರೀ ಅದು, ಹಳೇದು" ಅಂದ ಅವರ ಮಗ. ಅಲ್ಲಿಯತನಕ ನಾನು ಹಾಗೆ ಯೋಚಿಸಿರಲಿಲ್ಲ. ಪೇಪರಿನ ನೆತ್ತಿಯ ಮೇಲೆ ತಾರೀಖು ಇರುತ್ತದೆ. ತಪ್ಪು ಬರೆದರೆ ಬೈಯಲು ಊರಲ್ಲೇ ನಾನು ಸಿಗುತ್ತೇನೆ. ಆ ಮೆಸೇಜಿಗೆ ತಾರೀಖೂ ಇಲ್ಲ, ಮಾಲೀಕನೂ ಇಲ್ಲ.

ಬೈಸಿಕೊಂಡ ಕಥೆಯನ್ನೂ ಹೇಳಿಬಿಡುತ್ತೇನೆ. ಮೊದಲು ನಮ್ಮ ಆಫೀಸಿನಲ್ಲಿ ಮೂವರಿದ್ದೆವು, ಈಗ ನಾನೊಬ್ಬನೇ. ಜಾಹೀರಾತೂ ನಾನೇ ತರಬೇಕು. ಹಾಗಾಗಿ 'ಪ್ರಕಟಣೆಯ ಕೃಪೆಗಾಗಿ' ಅಂತ ತಲೆಬರಹವಿಟ್ಟುಕೊಂಡು ಬರುವ ಪತ್ರಗಳನ್ನು ನಾಲ್ಕು ಸಾಲು ತಿದ್ದಿ ಕಳಿಸಿಬಿಡುವ ಚಟ ಅಂಟಿದೆ. ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಉದ್ಘಾಟನೆಯಾಯಿತು ಅಂತ ಹೀಗೇ ಒಂದು ಪತ್ರ ಬಂತು. ಆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲಿನ ಮೇಲಿನ ಕಂದು ಕಲೆ ನೋಡಿದರೇ ತಿಳಿಯುತ್ತದೆ. ಒಳ್ಳೆಯ ಸುದ್ದಿ ಅಂತ ಫೋಟೊ ಸಮೇತ ಹಾಕಿದೆ. ಎರಡು ವಾರದ ಮೇಲೆ ಫೋನ್ ಬಂತು. "ಅದು ನಡದದ್ದು ಅವತ್ತೊಂದಿನ ಅಷ್ಟ ರೀ. ನೀವು ಬಂದು ನೋಡಿದ್ರೇನು?"

ನೋಡಿರಲಿಲ್ಲ. ಮರುದಿನ ಹೋದೆ. ಷಟರ್‌ಗೆ ಬೀಗ. 5 ರೂಪಾಯಿ ನಾಣ್ಯ ಹಾಕುವ ಕಿಂಡಿಯಲ್ಲಿ ಜೇಡ ಬಲೆ ಕಟ್ಟಿತ್ತು. ಉದ್ಘಾಟನೆಯ ಹೂವಿನ ಹಾರ ಒಣಗಿ ಮೊಳೆಗೇ ಅಂಟಿಕೊಂಡಿತ್ತು. ಬಾವಿ ಕಟ್ಟೆಯ ಹತ್ತಿರ ಕೂತಿದ್ದವರು ನನ್ನನ್ನು ನೋಡಿ ಎದ್ದು ಬರಲೂ ಇಲ್ಲ.

ಹಿಂದಿನ ಸುದ್ದಿ ನಾನು ನೋಡದೆ ಬರೆದದ್ದು ಅಂತ ಒಂದು ಸಾಲು ಸೇರಿಸಿ, ಆವತ್ತೇ ಬರೆದು ಕಳಿಸಿದೆ. ಸುದ್ದಿ ತಿದ್ದುವ ಡೆಸ್ಕ್‌ನವರು ಆ ಸಾಲು ತೆಗೆದರು. ಉಳಿದದ್ದು ಮೂರನೇ ಪುಟದಲ್ಲಿ, ಕೆಳಗೆ, ಸಣ್ಣದಾಗಿ ಬಂತು. ಬೆಳಿಗ್ಗೆ ಏಳಕ್ಕೇ ಮತ್ತೆ ಅದೇ ನಂಬರ್‌ನಿಂದ ಫೋನ್.

"ಸರ, ಬಂದೈತಿ ನೋಡ್ರಿ. ಇದರ ಫೋಟೊ ಹೊಡದು ನಮ್ಮೂರ ಗ್ರೂಪಿಗೆ ಹಾಕ್ಲೇನ್ರಿ?"

"ಹಾಕ್ರಿ" ಅಂದೆ. "ಮ್ಯಾಲಿನ ತಾರೀಖು ಕಾಣೂಹಂಗ ಹೊಡೀರಿ."