ಕೊಳೆರೋಗಕ್ಕೆ ಇಂಗ್ಲಿಷಿನಲ್ಲಿ ಕೊಳೆರೋಗವೇ

ಆಷಾಢದ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಕೆ ತೋಟಗಳಲ್ಲಿ ಕಾಯಿ ಉದುರಿಸುವ ಕೊಳೆರೋಗದ್ದೇ ಮಾತು. ಇಂಗ್ಲಿಷಿನಲ್ಲಿ ಅರ್ಜಿ ಬರೆಯುವಾಗ ಮಾತ್ರ ಆ ಪದ ಬಿಟ್ಟು ನಿಘಂಟು ಹುಡುಕುತ್ತೇವೆ. ಹುಡುಕಬೇಕಿಲ್ಲ. ಸಸ್ಯರೋಗಶಾಸ್ತ್ರದ ಇಂಗ್ಲಿಷಿನಲ್ಲಿ ಕೊಳೆರೋಗ ಎಂಬುದು ನೂರು ವರ್ಷಕ್ಕೂ ಹಳೆಯ, ಒಪ್ಪಿತವಾದ ಪದ.

ಮೈಸೂರು ಸೀಮೆಯ ಕಾಫಿ ಎಲೆ ಕೊಳೆಸುವ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಶಿಲೀಂಧ್ರ ವಿಜ್ಞಾನಿ ಎಂ. ಸಿ. ಕುಕ್ 1876ರಲ್ಲಿ ಪೆಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟರು. ತೋಟದವರ ಬಾಯಿಮಾತು ಹೀಗೆ ಲ್ಯಾಟಿನ್ ಹೆಸರಿನೊಳಗೇ ಸೇರಿತು. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಕೆಯ ರೋಗದ ಬಗ್ಗೆ ಬರೆದಾಗಲೂ ಅದೇ ಪದವನ್ನು ಉಳಿಸಿಕೊಂಡರು.

ಎಡವಟ್ಟಾಗುವುದು ಇಲ್ಲಿಯೇ. ಒಂದೇ ಹೆಸರು, ರೋಗ ಎರಡು. ಕಾಫಿಯಲ್ಲಿ ಕೊಳೆತ ಎಲೆ ಶಿಲೀಂಧ್ರದ ಎಳೆಗೆ ಸಿಕ್ಕಿ ರೆಂಬೆಯಲ್ಲೇ ಜೋತಾಡುತ್ತದೆ. ಅಡಕೆಯಲ್ಲಿ ಫೈಟಾಫ್ತೊರ ಎಂಬ ಬೇರೆಯೇ ಜೀವಿ. ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ ಎದ್ದು, ಬಿಳಿ ಬೂಸ್ಟು ಹಿಡಿದು, ಕಾಯಿ ಉದುರುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಬರೆಯುವಾಗ ಜೊತೆಗೆ ಬೆಳೆಯ ಹೆಸರನ್ನು ಬರೆಯಲೇಬೇಕು. ರೋಮನ್ ಲಿಪಿಯಲ್ಲಿ ಕೊಳೆಗೂ ಕೊಲೆಗೂ ವ್ಯತ್ಯಾಸ ಕಾಣುವುದಿಲ್ಲ; ರೋಗ ಎಂಬುದನ್ನು ಸೇರಿಸಿ ಒಂದೇ ಪದವಾಗಿ ಬರೆದರೆ ಆ ಗೊಂದಲವೂ ಇಲ್ಲ.

ಔಷಧದ ಇಂಗ್ಲಿಷೂ ಬದಲಾಗಿದೆ. ಹಳೆಯ ಪುಸ್ತಕಗಳ ಬ್ಲೂ ವಿಟ್ರಿಯಾಲ್, ಬ್ಲೂಸ್ಟೋನ್, ಈಗಿನ ಚೀಲದ ಮೇಲಿನ ಕಾಪರ್ ಸಲ್ಫೇಟ್, ನಮ್ಮ ಮೈಲುತುತ್ತ, ಎಲ್ಲ ಒಂದೇ. ಕೊಳೆರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯಬೇಕು. ಉಜ್ಜಿದ ಕತ್ತಿಯನ್ನು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು.

ಅಡಕೆಯ ಹೆಸರಿಗಂತೂ ಇನ್ನೂ ಅನ್ಯಾಯವಾಗಿದೆ. ಮಲಯಾಳದ ಅಡಕ್ಕ ಪೋರ್ಚುಗೀಸರ ಕಿವಿಯಲ್ಲಿ ಅರೆಕ ಆಯಿತು. ನಾಲಿಗೆ ಮಡಚಿ ಹೇಳುವ ಡಕಾರ ಅವರಿಗೆ ರಕಾರದ ಹಾಗೆ ಕೇಳಿತು. ವೆಟ್ಟಿಲ, ಅಂದರೆ ವೀಳ್ಯದೆಲೆ, ಬೀಟಲ್ ಆಯಿತು. ಎರಡನ್ನೂ ಒಟ್ಟಿಗೆ ಜಗಿಯುವುದನ್ನು ನೋಡಿದವರು ಎಲೆಯ ಹೆಸರನ್ನೇ ಕಾಯಿಗೂ ಹಚ್ಚಿ ಬೀಟಲ್ ನಟ್ ಎಂದರು. ವೀಳ್ಯದೆಲೆ ಬಳ್ಳಿಗೆ ಅಡಕೆ ಎಲ್ಲಿಯದು? ಬಳಕೆಗೆ ಬಂದ ಪದವನ್ನು ತಪ್ಪು ಎನ್ನಲಾಗದು, ನಿಘಂಟುಗಳೂ ಒಪ್ಪಿವೆ. ಆದರೂ ಬಿಲ್ಲಿನಲ್ಲಿ, ಲೇಬಲ್ಲಿನಲ್ಲಿ ಅರೆಕಾ ನಟ್ ಎಂದೇ ಬರೆಯಿರಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಶಿವಮೊಗ್ಗ ಮಾರುಕಟ್ಟೆಯ ಅಡಕೆ ಬಗೆಗಳ ಹೆಸರುಗಳನ್ನು ಅನುವಾದಿಸಬೇಡಿ. ಸರಕನ್ನು ಗುಡ್ಸ್ ಎಂದು ಬರೆದರೆ ದರವೇ ತಿಳಿಯುವುದಿಲ್ಲ.

ಅರೆಕಾ ಪಾಮ್ ಎನ್ನುವಾಗಲೂ ಎಚ್ಚರ ಬೇಕು. ಪೇಟೆಯ ನರ್ಸರಿಗಳಲ್ಲಿ ಆ ಹೆಸರಿಗೆ ಕೊಡುವುದು ಮಡಗಾಸ್ಕರ್ ಮೂಲದ ಕುಂಡದ ಗಿಡವನ್ನು. ಅಡಕೆ ಸಸಿಯೇ ಬೇಕಿದ್ದರೆ ಅರೆಕಾ ಕೆಟೆಚು ಎಂದು ಬರೆದುಕೊಡಿ.